ತ್ರಿಕೋನದ ನಡು ಎಲ್ಲಿದೆ?



ಈ ಸಲದ ಪಾಠ ಬೀಜದ್ದಲ್ಲ, ಗೊಬ್ಬರದ್ದೂ ಅಲ್ಲ; ಲೆಕ್ಕದ್ದು. ಲೆಕ್ಕವೆಂದೊಡನೆ ಪತ್ರಿಕೆಯನ್ನು ಮಡಿಸಿ ಮೇಲಿಡಬೇಡಿರಿ. ಇದು ಹೊಲದಲ್ಲಿ ನಿಂತು ಮಾಡುವ ಲೆಕ್ಕ. ಇದಕ್ಕೆ ಬೇಕಾದುದು ಒಂದು ಹಗ್ಗ, ನಾಲ್ಕು ಗೂಟ, ಮತ್ತು ಕೂಡಿಸಿ ಕಳೆದು ಗುಣಿಸಿ ಭಾಗಿಸಲು ಬಲ್ಲ ಒಬ್ಬ ಹುಡುಗ ಇಲ್ಲವೆ ಹುಡುಗಿ, ಇಷ್ಟೇ.

ಚೌಕ ಹೊಲದ ನಡುವನ್ನು ಹುಡುಕುವುದು ಸುಲಭ. ಎದುರುಬದುರು ಮೂಲೆಗಳಿಗೆ ಎರಡು ಹಗ್ಗ ಎಳೆದರೆ ಅವು ಕೂಡುವ ಜಾಗವೇ ನಡು. ಅಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಹಳ್ಳದ ದಂಡೆಗೂ ಬಂಡಿದಾರಿಯ ಓರೆಗೂ ಸಿಕ್ಕಿ ಮೂರು ಮೂಲೆಯಾದ ಹೊಲದ ನಡು ಯಾವುದು? ಮೂರು ಕಡೆ ಹಂಚಿಹೋದ ಒಂದು ಊರಿನ ನಡು ಯಾವುದು? ಕೇಳಿದರೆ ಪ್ರತಿಯೊಬ್ಬರೂ ಕೈ ತೋರಿಸುತ್ತಾರೆ. ಒಬ್ಬರು ತೋರಿಸಿದ ಜಾಗ ಇನ್ನೊಬ್ಬರದಲ್ಲ. ವಿಚಿತ್ರವೆಂದರೆ ಅವರೆಲ್ಲರ ಮಾತೂ ಸರಿಯಿರಬಹುದು. ಏಕೆಂದರೆ ತ್ರಿಕೋನಕ್ಕೆ ಒಂದೇ ನಡು ಇಲ್ಲ, ಹಲವು ಇವೆ. ಒಂದೊಂದು ನಡುವೂ ಒಂದೊಂದು ಕೆಲಸಕ್ಕೆ. ಈ ಮಾತನ್ನು ನಾನು ತಿಳಿದದ್ದು ಪುಸ್ತಕದಿಂದಲ್ಲ, ತಪ್ಪಿನಿಂದ. ಆ ತಪ್ಪನ್ನೇ ಮೊದಲು ಹೇಳುತ್ತೇನೆ.

ನಾನು ಮಾಡಿದ ತಪ್ಪು

ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವಿನ ಒಂದು ಊರು. ಊರಿನ ಹೆಸರು ಬೇಡ. ತಪ್ಪು ಊರಿನದಲ್ಲ, ನನ್ನದು. ಹಳೆಯ ಊರು ಒಂದು ಕಡೆ, ಅದರ ಮೂಡಲಿಗೆ ತಾಂಡಾ, ಬಡಗಲಿಗೆ ಹೊಸ ಓಣಿ. ಮೂರಕ್ಕೂ ಸೇರಿ ಒಂದು ನೀರಿನ ತೊಟ್ಟಿ ಕಟ್ಟಬೇಕಾಗಿತ್ತು. ನೀರು ಕೊಳವೆಯಲ್ಲಿ ಬರುವುದರಿಂದ ತೊಟ್ಟಿಯನ್ನು ಎಲ್ಲಿ ಬೇಕಾದರೂ ಕಟ್ಟಬಹುದಿತ್ತು. ಜಗಳಕ್ಕೆ ಅದೇ ಕಾರಣವಾಯಿತು. ಊರಿನವರು ತಮ್ಮ ಅಗಸೆಯ ಮುಂದೆ ಎಂದರು. ತಾಂಡಾದವರು ತಮ್ಮ ಬೇವಿನ ಮರದ ಕೆಳಗೆ ಎಂದರು. ಓಣಿಯವರು ಇಬ್ಬರಿಗೂ ಒಪ್ಪಲಿಲ್ಲ. ಕೊನೆಗೆ ಹಿರಿಯರು, “ನಟ್ಟನಡುವೆ ಆಗಲಿ” ಎಂದರು. ಎಲ್ಲರೂ ತಲೆದೂಗಿದರು. ನಟ್ಟನಡು ಎಂದರೆ ಏನೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೃಷಿ ಡಿಪ್ಲೊಮಾದಲ್ಲಿ ಭೂಮಿ ಅಳೆಯುವುದನ್ನು ಕಲಿತಿದ್ದೆನೆಂಬ ಹುರುಪು ನನಗೆ. ಅಳೆದೆ, ಲೆಕ್ಕ ಹಾಕಿದೆ, ಗೂಟ ನೆಟ್ಟೆ. “ಇದು ಮೂವರಿಗೂ ಸಮ” ಎಂದು ಎಲ್ಲರ ಮುಂದೆ ಹೇಳಿದೆ. ಮರುದಿನ ತಾಂಡಾದ ಒಬ್ಬ ಹಿರಿಯ ತಾಯಿ ನನ್ನನ್ನು ತಡೆದರು.

“ತಮ್ಮಾ, ಎಲ್ಲಾರಿಗೂ ಸಮ ಅಂದಿ. ನನ್ನ ಕಾಲು ಹಂಗ ಅನ್ನಂಗಿಲ್ಲ. ಬಾ, ಎಣಿಸ್ಕೋತ ಹೋಗೋಣ.”

ಅವರು ಜೊತೆಗೆ ನಡೆದರು, ನಾನು ಎಣಿಸಿದೆ. ಹಳೆಯ ಊರಿನಿಂದ ಗೂಟಕ್ಕೆ ೩೮೦ ಹೆಜ್ಜೆ. ಹೊಸ ಓಣಿಯಿಂದ ೫೦೮. ತಾಂಡಾದಿಂದ ೫೫೨. ಊರಿನವಳಿಗಿಂತ ತಾಂಡಾದವಳು ಒಂದು ಸಲಕ್ಕೆ ೧೭೨ ಹೆಜ್ಜೆ ಹೆಚ್ಚು ನಡೆಯಬೇಕು. ಹೋಗಿ ಬರಲು ೩೪೪. ದಿನಕ್ಕೆ ಆರು ಸಲ ನೀರು ತಂದರೆ ೨,೦೬೪ ಹೆಜ್ಜೆ, ಅದರಲ್ಲಿ ಅರ್ಧ ತುಂಬಿದ ಕೊಡ ಹೊತ್ತು. ಬೇಸಿಗೆಯ ಬಿಸಿಲಿನಲ್ಲಿ ಎರಡು ಸಾವಿರ ಹೆಜ್ಜೆಯೆಂದರೆ ಅಲ್ಪವಲ್ಲ. “ಆಯಿ, ನಂದು ತಪ್ಪಾಯ್ತು” ಎಂದೆ. ಗೂಟ ಕಿತ್ತೆ.

ನನ್ನ ಗುಣಾಕಾರ ತಪ್ಪಿರಲಿಲ್ಲ, ಭಾಗಾಕಾರವೂ ತಪ್ಪಿರಲಿಲ್ಲ. ನಾನು ಆರಿಸಿದ ನಡುವೇ ಬೇರೆಯಾಗಿತ್ತು. ಅದು ಹೇಗೆಂದು ಈಗ ನೋಡೋಣ.

ಎರಡು ಅಂಕಿಯಲ್ಲಿ ಒಂದು ಜಾಗ

“ಬಾಂದುಕಲ್ಲಿನಿಂದ ಮೂಡಲಿಗೆ ಐದು ಹಗ್ಗ ಹೋಗು, ಅಲ್ಲಿಂದ ಬಡಗಲಿಗೆ ಹನ್ನೆರಡು ಹಗ್ಗ ಹೋಗು” ಎಂದರೆ ಯಾರಾದರೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಇದನ್ನು (೫, ೧೨) ಎಂದು ಬರೆಯುತ್ತೇವೆ. ಮೊದಲ ಅಂಕಿ ಯಾವಾಗಲೂ ಪೂರ್ವಕ್ಕೆ, ಎರಡನೆಯದು ಉತ್ತರಕ್ಕೆ. ಹೊರಟ ಕಲ್ಲು (೦, ೦). ಅದಕ್ಕೆ ಮೂಲಬಿಂದು ಎಂದು ಹೆಸರು. ಆ ಎರಡು ಅಂಕಿಗಳಿಗೆ ನಿರ್ದೇಶಾಂಕಗಳು ಎಂದು ಹೆಸರು. ಈ ರೀತಿಯಲ್ಲಿ ರೇಖಾಗಣಿತವನ್ನು ಅಂಕಿಗಳ ಲೆಕ್ಕವಾಗಿ ಮಾರ್ಪಡಿಸಬಹುದೆಂದು ಫ್ರಾನ್ಸಿನ ದೇಕಾರ್ತ್ ೧೬೩೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದನು.

ನಮ್ಮ ಭಾಗಕ್ಕೂ ಈ ಬಗೆಯ ಅಳತೆಗೂ ಹಳೆಯ ನಂಟಿದೆ. ೧೮೦೨ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಮಹಾ ತ್ರಿಕೋನ ಮೋಜಣಿಯು ಇಡೀ ದೇಶವನ್ನು ತ್ರಿಕೋನಗಳಾಗಿ ವಿಂಗಡಿಸಿ ಅಳೆಯಿತು. ಅದರ ಮುಖ್ಯಸ್ಥನಾದ ವಿಲಿಯಂ ಲ್ಯಾಂಬ್ಟನ್ ೧೮೧೫ರಲ್ಲಿ ಬೀದರಿನ ಹತ್ತಿರ ಒಂದು ತಳರೇಖೆಯನ್ನು ಸರಪಳಿಯಿಂದ ಅಳೆಸಿದನು. ಒಂದು ಗೆರೆಯನ್ನು ಅತಿ ಎಚ್ಚರದಿಂದ ಅಳೆದರೆ ಉಳಿದುದನ್ನು ತ್ರಿಕೋನಗಳ ಲೆಕ್ಕದಿಂದ ಪಡೆಯಬಹುದೆಂಬುದೇ ಆ ಕೆಲಸದ ಗುಟ್ಟು. ನಾವೂ ಅದೇ ದಾರಿಯಲ್ಲಿ, ಚಿಕ್ಕ ಪ್ರಮಾಣದಲ್ಲಿ ನಡೆಯೋಣ.

ಹೊಲದಲ್ಲಿ ಮಾಡುವ ಕ್ರಮ ಹೀಗೆ:

೧. ೩೩ ಅಡಿ ಉದ್ದದ ಒಂದು ಹಗ್ಗ ತೆಗೆದುಕೊಳ್ಳಿರಿ. ೩೩ ಅಡಿ ಏಕೆ? ಉದ್ದ ೩೩, ಅಗಲ ೩೩ ಅಡಿಯ ಚೌಕವೇ ಒಂದು ಗುಂಟೆ, ಅಂದರೆ ೧,೦೮೯ ಚದರ ಅಡಿ. ಈ ಹಗ್ಗದಲ್ಲಿ ಅಳೆದರೆ ಕ್ಷೇತ್ರವು ನೇರವಾಗಿ ಗುಂಟೆಯಲ್ಲಿಯೇ ಬರುತ್ತದೆ.

೨. ಹೊಲದ ಮೂರು ಮೂಲೆಗಳಿಗೆ ಅ, ಬ, ಕ ಎಂದು ಹೆಸರಿಡಿರಿ. ಅತಿ ಉದ್ದದ ಬದುವು ಇಲ್ಲವೆ ಅಡೆತಡೆಯಿಲ್ಲದೆ ನೇರವಾಗಿ ಅಳೆಯಬಹುದಾದ ಬದುವನ್ನು ‘ಅಬ’ ಎಂದು ಆರಿಸಿಕೊಳ್ಳಿರಿ. ಅದೇ ತಳರೇಖೆ. ಅದು ನಿಜವಾಗಿ ಮೂಡಲಿಗೇ ಇರಬೇಕೆಂದಿಲ್ಲ. ಲೆಕ್ಕದ ಸಲುವಾಗಿ ಅದರ ಉದ್ದಕ್ಕೂ ‘ಪೂರ್ವ’ ಎನ್ನೋಣ.

೩. ತಳರೇಖೆಯ ಮೇಲೆ ‘ಅ’ ಮೂಲೆಯಿಂದ ನಡೆಯುತ್ತ, ‘ಕ’ ಮೂಲೆಯು ಮೂಲೆಮಟ್ಟಕ್ಕೆ ಸರಿಯಾಗಿ ಎದುರು ಬರುವ ಜಾಗದಲ್ಲಿ ನಿಲ್ಲಿರಿ. ಮೂಲೆಮಟ್ಟ ನೋಡಲು ಇನ್ನೊಂದು ಹಗ್ಗಕ್ಕೆ ಸಮ ಅಂತರದಲ್ಲಿ ಗುರುತು ಹಾಕಿ ಹನ್ನೆರಡು ಭಾಗ ಮಾಡಿ, ತುದಿಗಳನ್ನು ಕೂಡಿಸಿ, ೩, ೪, ೫ ಭಾಗದ ತ್ರಿಕೋನವಾಗಿ ಬಿಗಿದು ಹಿಡಿಯಿರಿ. ೩ ಮತ್ತು ೪ ಕೂಡುವಲ್ಲಿ ಲಂಬಕೋನ ದೊರೆಯುತ್ತದೆ.

೪. ತಳರೇಖೆಯ ಮೇಲೆ ಎಷ್ಟು ಹಗ್ಗ ಬಂದಿರಿ, ಅಲ್ಲಿಂದ ‘ಕ’ ಮೂಲೆಗೆ ಎಷ್ಟು ಹಗ್ಗ ಎಂಬುದನ್ನು ಬರೆದುಕೊಳ್ಳಿರಿ. ಇವೇ ‘ಕ’ ಮೂಲೆಯ ಎರಡು ಅಂಕಿಗಳು.

೫. ಕೊನೆಗೆ ‘ಅಕ’ ಬದುವನ್ನೂ ನೇರವಾಗಿ ಅಳೆಯಿರಿ. ಇದು ಪರೀಕ್ಷೆಗೆ.

ಲೀಲಾವತಿಯ ಹೊಲ

ಉದಾಹರಣೆಗೆ ಒಂದು ಹಳೆಯ ಹೊಲವನ್ನು ತೆಗೆದುಕೊಳ್ಳೋಣ. ಕಲ್ಯಾಣವು ಚಾಳುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, ೧೧೫೦ರಲ್ಲಿ, ಭಾಸ್ಕರಾಚಾರ್ಯನು ಬರೆದ ‘ಲೀಲಾವತಿ’ಯಲ್ಲಿ ಒಂದು ತ್ರಿಕೋನ ಕ್ಷೇತ್ರದ ಲೆಕ್ಕವಿದೆ. ಅದರ ತಳ ೧೪, ಉಳಿದ ಬದಿಗಳು ೧೩ ಮತ್ತು ೧೫. ಅದನ್ನು ನಮ್ಮ ೩೩ ಅಡಿಯ ಹಗ್ಗದಲ್ಲಿ ಅಳೆದ ಹೊಲವೆಂದು ಭಾವಿಸೋಣ. ಮೂಲೆಗಳು ಹೀಗೆ ಬರುತ್ತವೆ:

ಅ (೦, ೦)
ಬ (೧೪, ೦)
ಕ (೫, ೧೨)

ಪರೀಕ್ಷಿಸಿ ನೋಡಿರಿ. ‘ಅ’ದಿಂದ ‘ಕ’ಕ್ಕೆ ಪೂರ್ವಕ್ಕೆ ೫, ಉತ್ತರಕ್ಕೆ ೧೨. ಎರಡರ ವರ್ಗಗಳನ್ನು ಕೂಡಿಸಿದರೆ ೨೫ + ೧೪೪ = ೧೬೯. ಅದರ ವರ್ಗಮೂಲ ೧೩. ಸರಿಹೋಯಿತು. ‘ಬ’ದಿಂದ ‘ಕ’ಕ್ಕೆ ಅಂತರ ೯ ಮತ್ತು ೧೨; ೮೧ + ೧೪೪ = ೨೨೫; ವರ್ಗಮೂಲ ೧೫. ಅದೂ ಸರಿ. ಕ್ಷೇತ್ರವು ತಳ ೧೪ × ಎತ್ತರ ೧೨, ಅದರ ಅರ್ಧ ೮೪ ಗುಂಟೆ. ೪೦ ಗುಂಟೆಗೆ ಒಂದು ಎಕರೆಯಾದ್ದರಿಂದ ಇದು ೨ ಎಕರೆ ೪ ಗುಂಟೆಯ ಹೊಲ. ಈಗ ಇದರ ನಾಲ್ಕು ನಡುಗಳನ್ನು ಒಂದೊಂದಾಗಿ ಹುಡುಕೋಣ.

ಮೊದಲನೆಯ ನಡು: ಗುರುತ್ವಕೇಂದ್ರ. ಮೂರು ಮೂಲೆಗಳ ಪೂರ್ವದ ಅಂಕಿಗಳನ್ನು ಕೂಡಿಸಿ ಮೂರರಿಂದ ಭಾಗಿಸಿರಿ. ಉತ್ತರದ ಅಂಕಿಗಳಿಗೂ ಹಾಗೆಯೇ ಮಾಡಿರಿ.

(೦ + ೧೪ + ೫) ÷ ೩ = ೬.೩೩
(೦ + ೦ + ೧೨) ÷ ೩ = ೪

ಗುರುತ್ವಕೇಂದ್ರ (೬.೩೩, ೪). ಇದೇ ಆಕಾರದಲ್ಲಿ ರಟ್ಟನ್ನು ಕತ್ತರಿಸಿ ಈ ಜಾಗದಲ್ಲಿ ಮೊಳೆಯ ಮೊನೆಯ ಮೇಲಿಟ್ಟರೆ ರಟ್ಟು ತೂಗಿ ನಿಲ್ಲುತ್ತದೆ. ಹೊಲದಲ್ಲಿ ಇದರ ಉಪಯೋಗ ಪಾಲು ಮಾಡುವಾಗ. ಇಲ್ಲಿಂದ ಮೂರು ಮೂಲೆಗಳಿಗೆ ಮೂರು ಗೆರೆ ಎಳೆದರೆ ಹೊಲವು ಮೂರು ಸಮ ಪಾಲಾಗುತ್ತದೆ. ಒಂದೊಂದು ೨೮ ಗುಂಟೆ. ‘ಅಬ’ ಬದುವಿನ ಪಾಲನ್ನು ನೋಡಿರಿ: ತಳ ೧೪, ಎತ್ತರ ೪, ಅರ್ಧ ಮಾಡಿದರೆ ೨೮. ಮೂವರು ಅಣ್ಣತಮ್ಮಂದಿರು ಬೇರೆಯಾದರೆ ಒಂದೇ ಬಾವಿಯು ಈ ಜಾಗದಲ್ಲಿದ್ದಲ್ಲಿ ಮೂವರ ಪಾಲೂ ಬಾವಿಗೆ ತಾಕುತ್ತದೆ. ಮಣ್ಣು ಒಂದೇ ತರಹ ಇದ್ದರೆ ಮಾತ್ರ ಇದು ನ್ಯಾಯವೆಂಬುದನ್ನು ಮರೆಯಬೇಡಿರಿ. ಒಂದು ಬದಿ ಕರಿಮಣ್ಣು, ಇನ್ನೊಂದು ಬದಿ ಕೆಂಪು ಮೊರಮು ಇದ್ದರೆ ಗುಂಟೆಯ ಸಮ, ಬೆಳೆಯ ಸಮವಾಗದು.

ಎರಡನೆಯ ನಡು: ಅಂತಃಕೇಂದ್ರ. ಇದು ಮೂರು ಬದುಗಳಿಂದಲೂ ಸಮದೂರದಲ್ಲಿರುವ ಜಾಗ. ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಅಟ್ಟ ಹಾಕುವವನಿಗೆ ಬೇಕಾದುದು ಈ ನಡು. ಅಲ್ಲಿ ನಿಂತು ಕವಣೆ ಬೀಸಿದರೆ ಮೂರು ಬದುಗಳೂ ಸಮ ಅಂತರದಲ್ಲಿರುತ್ತವೆ. ಇದನ್ನು ಹುಡುಕಲು ಪ್ರತಿ ಮೂಲೆಯ ಅಂಕಿಯನ್ನು ಅದರ ಎದುರಿನ ಬದುವಿನ ಉದ್ದದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಸುತ್ತಳತೆಯಿಂದ ಭಾಗಿಸಬೇಕು. ‘ಅ’ದ ಎದುರು ೧೫, ‘ಬ’ದ ಎದುರು ೧೩, ‘ಕ’ದ ಎದುರು ೧೪. ಸುತ್ತಳತೆ ೪೨.

(೧೫×೦ + ೧೩×೧೪ + ೧೪×೫) ÷ ೪೨ = ೨೫೨ ÷ ೪೨ = ೬
(೧೫×೦ + ೧೩×೦ + ೧೪×೧೨) ÷ ೪೨ = ೧೬೮ ÷ ೪೨ = ೪

ಅಂತಃಕೇಂದ್ರ (೬, ೪). ತಳದ ಬದುವಿನಿಂದ ಇದು ೪ ಹಗ್ಗ, ಅಂದರೆ ೧೩೨ ಅಡಿ. ಉಳಿದೆರಡು ಬದುಗಳಿಂದಲೂ ಅಷ್ಟೇ. ಇದನ್ನು ಪರೀಕ್ಷಿಸಲು ನಮ್ಮ ಪಕ್ಕದ ಜಿಲ್ಲೆಯ ನೆನಪೊಂದಿದೆ. ಈಗ ಕಲಬುರಗಿ ಜಿಲ್ಲೆಯಲ್ಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ೯ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಬರೆದನು. ಕ್ಷೇತ್ರವನ್ನು ಸುತ್ತಳತೆಯ ಕಾಲುಭಾಗದಿಂದ ಭಾಗಿಸಿದರೆ ಒಳವೃತ್ತದ ವ್ಯಾಸ ಬರುತ್ತದೆಂಬ ಸೂತ್ರ ಅದರಲ್ಲಿದೆ. ೪೨ರ ಕಾಲುಭಾಗ ೧೦.೫. ೮೪ ÷ ೧೦.೫ = ೮. ವ್ಯಾಸ ೮ ಆದರೆ ನಡುವಿನಿಂದ ಬದುವಿಗೆ ೪. ನಮ್ಮ ಉತ್ತರವೂ ಅದೇ.

ಮೂರನೆಯ ನಡು: ಪರಿಕೇಂದ್ರ. ಇದು ಮೂರು ಮೂಲೆಗಳಿಂದ ಸಮದೂರದಲ್ಲಿರುವ ಜಾಗ. ಬದುಗಳಿಂದಲ್ಲ, ಮೂಲೆಗಳಿಂದ, ವ್ಯತ್ಯಾಸವನ್ನು ಗಮನಿಸಿರಿ. ಬೇಕಾದ ಜಾಗವು ಪೂರ್ವಕ್ಕೆ ‘ಪ’, ಉತ್ತರಕ್ಕೆ ‘ಉ’ ಇದೆ ಎನ್ನೋಣ. ‘ಅ’ ಮತ್ತು ‘ಬ’ಗಳಿಂದ ಸಮದೂರವಿರಬೇಕಾದರೆ ಅದು ತಳರೇಖೆಯ ಅರ್ಧಕ್ಕೆ ನೇರವಾಗಿರಲೇಬೇಕು. ಆದ್ದರಿಂದ ಪ = ೭. ಇನ್ನು ‘ಅ’ ಮತ್ತು ‘ಕ’ಗಳಿಂದ ದೂರ ಸಮವಾಗಬೇಕು. ‘ಅ’ದಿಂದ ದೂರದ ವರ್ಗ ೪೯ + ಉ×ಉ. ‘ಕ’ದಿಂದ ಪೂರ್ವಕ್ಕೆ ಅಂತರ ೭ − ೫ = ೨, ಉತ್ತರಕ್ಕೆ ಅಂತರ ೧೨ − ಉ. ಅದರ ವರ್ಗಗಳ ಮೊತ್ತ ೪ + ೧೪೪ − ೨೪×ಉ + ಉ×ಉ. ಎರಡನ್ನೂ ಸರಿದೂಗಿಸಿದರೆ ಉ×ಉ ಎರಡೂ ಕಡೆ ಹೊಡೆದುಹೋಗಿ,

೪೯ = ೧೪೮ − ೨೪×ಉ
೨೪×ಉ = ೯೯
ಉ = ೪.೧೨೫

ಪರಿಕೇಂದ್ರ (೭, ೪.೧೨೫). ಇಲ್ಲಿಂದ ಯಾವ ಮೂಲೆಗೆ ಹೋದರೂ ೮.೧೨೫ ಹಗ್ಗ, ಸುಮಾರು ೨೬೮ ಅಡಿ.

ನಾಲ್ಕನೆಯ ನಡು: ಲಂಬಕೇಂದ್ರ. ಪ್ರತಿ ಮೂಲೆಯಿಂದ ಎದುರಿನ ಬದುವಿಗೆ ಮೂಲೆಮಟ್ಟವಾಗಿ ಎಳೆದ ಮೂರು ಗೆರೆಗಳು ಕೂಡುವ ಜಾಗ ಇದು. ‘ಕ’ದಿಂದ ತಳಕ್ಕೆ ಇಳಿದ ಲಂಬದ ಮೇಲೆ ಪೂರ್ವದ ಅಂಕಿ ಯಾವಾಗಲೂ ೫; ಆದ್ದರಿಂದ ಪ = ೫. ‘ಬ’ದಿಂದ ‘ಕ’ಕ್ಕೆ ಹೋಗುವಾಗ ಪೂರ್ವದಲ್ಲಿ ೯ ಕಡಮೆಯಾಗಿ ಉತ್ತರದಲ್ಲಿ ೧೨ ಹೆಚ್ಚುತ್ತದೆ. ಇದಕ್ಕೆ ಲಂಬವಾಗಿ ‘ಅ’ದಿಂದ ಹೊರಟ ಗೆರೆಯ ಮೇಲೆ ೧೨×ಉ = ೯×ಪ ಎಂದಿರಬೇಕು. ಪ = ೫ ಆದಾಗ ಉ = ೪೫ ÷ ೧೨ = ೩.೭೫. ಲಂಬಕೇಂದ್ರ (೫, ೩.೭೫).

ಈ ನಾಲ್ಕನೆಯ ನಡುವಿನಿಂದ ಹೊಲಗೆಲಸಕ್ಕೆ ನೇರವಾದ ಉಪಯೋಗ ಕಡಮೆ. ಆದರೆ ಲೆಕ್ಕದ ತಪ್ಪನ್ನು ಹಿಡಿಯಲು ಇದು ಒಳ್ಳೆಯ ಕಾವಲುಗಾರ. ಲಂಬಕೇಂದ್ರ, ಗುರುತ್ವಕೇಂದ್ರ, ಪರಿಕೇಂದ್ರ ಮೂರೂ ಒಂದೇ ಗೆರೆಯ ಮೇಲೆ ನಿಲ್ಲುತ್ತವೆಂದು ೧೮ನೆಯ ಶತಮಾನದಲ್ಲಿ ಆಯ್ಲರ್ ಎಂಬ ಗಣಿತಜ್ಞನು ತೋರಿಸಿದನು. ಅದರಿಂದ ಒಂದು ಸುಲಭ ಪರೀಕ್ಷೆ ಹುಟ್ಟುತ್ತದೆ: ಪರಿಕೇಂದ್ರದ ಅಂಕಿಯ ಎರಡರಷ್ಟಕ್ಕೆ ಲಂಬಕೇಂದ್ರದ ಅಂಕಿಯನ್ನು ಕೂಡಿಸಿದರೆ ಮೂರು ಮೂಲೆಗಳ ಮೊತ್ತ ಬರಬೇಕು. ಪೂರ್ವಕ್ಕೆ ೧೪ + ೫ = ೧೯; ಮೂಲೆಗಳ ಮೊತ್ತವೂ ೧೯. ಉತ್ತರಕ್ಕೆ ೮.೨೫ + ೩.೭೫ = ೧೨; ಮೂಲೆಗಳ ಮೊತ್ತವೂ ೧೨. ಬಾರದಿದ್ದರೆ ಎಲ್ಲೋ ತಪ್ಪಿದ್ದೀರಿ; ಗೂಟ ನೆಡುವ ಮೊದಲು ಹಿಂದಿರುಗಿ ನೋಡಿರಿ.

ಈ ನಾಲ್ಕು ಜಾಗಗಳನ್ನು ಹೊಲದಲ್ಲಿ ಗುರುತಿಸಿದರೆ ಅವು ಒಂದಕ್ಕೊಂದು ಬಹಳ ಹತ್ತಿರ ಬೀಳುತ್ತವೆ. ಗುರುತ್ವಕೇಂದ್ರಕ್ಕೂ ಪರಿಕೇಂದ್ರಕ್ಕೂ ಸುಮಾರು ೨೨ ಅಡಿ ಅಂತರ. ಅತಿ ದೂರದ ಎರಡು ನಡುಗಳಿಗೂ ಸುಮಾರು ೬೭ ಅಡಿ ಮಾತ್ರ. ನಾನು ಮೋಸಹೋದದ್ದು ಇಲ್ಲಿಯೇ. ಮೂರು ಬದಿಗಳೂ ಹೆಚ್ಚುಕಡಮೆ ಸಮವಿರುವ ಇಂಥ ತ್ರಿಕೋನಗಳನ್ನೇ ಪುಸ್ತಕದಲ್ಲಿ ಮಾಡಿ ಮಾಡಿ, ‘ಯಾವ ನಡುವಾದರೇನು, ಎಲ್ಲವೂ ಒಂದೇ ಕಡೆ’ ಎಂಬ ಭಾವನೆ ಬೆಳೆದಿತ್ತು. ಎಲ್ಲಕ್ಕಿಂತ ಸುಲಭವಾದ ಗುರುತ್ವಕೇಂದ್ರವನ್ನು ಊರಿಗೆ ಹಾಕಿಬಿಟ್ಟೆ. ಊರಿನ ತ್ರಿಕೋನ ಪುಸ್ತಕದ್ದರಂತೆ ಇರಲಿಲ್ಲ.

ತೊಟ್ಟಿಯ ಲೆಕ್ಕ

ಆ ಊರಿನ ಅಳತೆ ಇದು. ೧೦೦ ಹೆಜ್ಜೆಗೆ ಒಂದು ಎಂದು ಎಣಿಸಿರಿ.

ಹಳೆಯ ಊರು (೦, ೦)
ತಾಂಡಾ (೮, ೦)
ಹೊಸ ಓಣಿ (೧, ೭)

ಗುರುತ್ವಕೇಂದ್ರ (೩, ೨.೩೩). ನನ್ನ ಮೊದಲ ಗೂಟ ಇಲ್ಲಿತ್ತು. ಮೂರು ಕಡೆಯ ದೂರಗಳು ೩೮೦, ೫೫೨, ೫೦೮ ಹೆಜ್ಜೆ. ನಾನು ಸಮವೆಂದು ಹೇಳಿದ್ದೆನಲ್ಲ, ಸಮವಾದದ್ದು ಭೂಮಿಯ ಪಾಲು, ಕಾಲ್ನಡಿಗೆಯಲ್ಲ. ನೀರು ತರುವವರಿಗೆ ಬೇಕಾಗಿದ್ದುದು ಪರಿಕೇಂದ್ರ. ಅದನ್ನು ಹೀಗೆ ಹುಡುಕಿದೆವು. ಊರಿನಿಂದಲೂ ತಾಂಡಾದಿಂದಲೂ ಸಮವಾಗಬೇಕಾದರೆ ಪ = ೪. ಊರಿನಿಂದ ದೂರದ ವರ್ಗ ೧೬ + ಉ×ಉ. ಓಣಿಯಿಂದ ಅಂತರ ೩ ಮತ್ತು ೭ − ಉ. ವರ್ಗಗಳ ಮೊತ್ತ ೯ + ೪೯ − ೧೪×ಉ + ಉ×ಉ.

೧೬ = ೫೮ − ೧೪×ಉ
೧೪×ಉ = ೪೨
ಉ = ೩

ಪರಿಕೇಂದ್ರ (೪, ೩). ಊರಿನಿಂದ ದೂರ: ೧೬ + ೯ = ೨೫, ವರ್ಗಮೂಲ ೫. ಮೂರು ಕಡೆಯಿಂದಲೂ ೫೦೦ ಹೆಜ್ಜೆ. ಆ ತಾಯಿಯೊಡನೆ ಮತ್ತೊಮ್ಮೆ ನಡೆದು ಎಣಿಸಿದೆ. ಹತ್ತು ಹನ್ನೆರಡು ಹೆಜ್ಜೆ ಆಚೀಚೆ ಬಂದಿತು, ಅಷ್ಟೆ. ಆದರೆ ಆ ಜಾಗ ಒಬ್ಬರ ತೊಗರಿ ಹೊಲದೊಳಗೆ ಬಿದ್ದಿತು. ಇಪ್ಪತ್ತು ಹೆಜ್ಜೆ ಸರಿಸಿ ಬಂಡಿದಾರಿಯ ಅಂಚಿಗೆ ತಂದೆವು. ನಡುವಿನಿಂದ ಇಪ್ಪತ್ತು ಹೆಜ್ಜೆ ಸರಿದರೆ ಯಾರ ದೂರವೂ ಇಪ್ಪತ್ತಕ್ಕಿಂತ ಹೆಚ್ಚು ಬದಲಾಗುವುದಿಲ್ಲ. ಲೆಕ್ಕವು ಜಾಗವನ್ನು ತೋರಿಸುತ್ತದೆ. ನೆಲ ಒಪ್ಪಬೇಕು, ನೆಲದ ಒಡೆಯನೂ ಒ‌ಪ್ಪಬೇಕು.

ಹಳೆಯ ಊರಿನ ಒಬ್ಬ ಕಾಕಾ ಒಂದು ಪ್ರಶ್ನೆ ಕೇಳಿದರು. “ಮೊದಲಿನ ಜಾಗದಾಗ ಮೂರೂ ಸೇರಿ ನಡಿಗಿ ಕಡಿಮಿ ಇತ್ತಲ್ಲೋ?” ಎಂದರು. ಅವರ ಮಾತು ನಿಜ. ೩೮೦, ೫೫೨, ೫೦೮ ಕೂಡಿಸಿದರೆ ೧,೪೪೦. ಹೊಸ ಜಾಗದಲ್ಲಿ ಮೂರು ಐದುನೂರು, ೧,೫೦೦. ಒಟ್ಟು ನಡಿಗೆಯೇ ಅತಿ ಕಡಮೆಯಾಗಬೇಕೆಂದರೆ ಅದಕ್ಕೆ ಐದನೆಯ ನಡುವೊಂದಿದೆ. ಅಲ್ಲಿ ನಿಂತು ನೋಡಿದರೆ ಮೂರು ಮೂಲೆಗಳೂ ಒಂದಕ್ಕೊಂದು ೧೨೦ ಅಂಶದ ಕೋನದಲ್ಲಿ ಕಾಣುತ್ತವೆ. ಆ ಊರಿಗೆ ಅಲ್ಲಿ ಮೊತ್ತ ಸುಮಾರು ೧,೪೨೫ ಹೆಜ್ಜೆ. ಆದರೆ ಒಟ್ಟು ಕಡಮೆಯಾದ ಆ ಹೆಜ್ಜೆಗಳು ಒಬ್ಬರ ಪಾಲಿಗೆ ಉಳಿತಾಯವಾಗಿ, ಇನ್ನೊಬ್ಬರ ಪಾಲಿಗೆ ಹೊರೆಯಾಗಬಹುದು. ಸಭೆಯಲ್ಲಿ ಈ ಅಂಕಿಗಳನ್ನೆಲ್ಲ ಹಲಗೆಯ ಮೇಲೆ ಬರೆದೆವು. ಯಾವುದು ಬೇಕೆಂದು ಆರಿಸಿದವರು ಜನ, ನಾನಲ್ಲ. ಅವರು ಸಮದೂರವನ್ನೇ ಆರಿಸಿದರು. ಪ್ರಶ್ನೆ ಕೇಳಿದ ಕಾಕಾ ಅವರೂ ಅದಕ್ಕೇ ಕೈಯೆತ್ತಿದರು.

ಸಮ ಎಂದರೆ ಯಾವಾಗಲೂ ಒಳ್ಳೆಯದೇ?

ಅಲ್ಲ. ಇದನ್ನು ಹೇಳದಿದ್ದರೆ ನೀವು ಇನ್ನೊಂದು ತಪ್ಪಿಗೆ ಬೀಳುವಿರಿ. ಮೂರು ಓಣಿಗಳು ಹೆಚ್ಚುಕಡಮೆ ಒಂದೇ ಸಾಲಿನಲ್ಲಿವೆ ಎನ್ನೋಣ: (೦, ೦), (೮, ೦), (೪, ೨). ಪರಿಕೇಂದ್ರ ಹುಡುಕಿರಿ. ಪ = ೪. ೧೬ + ಉ×ಉ = ೪ − ೪×ಉ + ಉ×ಉ. ಆಗ ೪×ಉ = −೧೨, ಉ = −೩. ಕಳೆಯುವ ಗುರುತು ಬಂದಿತೆಂದರೆ ಉತ್ತರಕ್ಕಲ್ಲ, ದಕ್ಷಿಣಕ್ಕೆ ೩. ಅಂದರೆ ನಡುವು ತ್ರಿಕೋನದ ಹೊರಗೇ ಬಿದ್ದಿತು! ಅಲ್ಲಿಗೆ ಮೂರೂ ಓಣಿಯವರು ೫೦೦ ಹೆಜ್ಜೆ ನಡೆಯಬೇಕು. ಅದರ ಬದಲು ಉದ್ದನೆಯ ಬದಿಯ ಅರ್ಧಕ್ಕೆ, (೪, ೦) ಎಂಬಲ್ಲಿ ತೊಟ್ಟಿ ಕಟ್ಟಿದರೆ ಇಬ್ಬರಿಗೆ ೪೦೦, ಒಬ್ಬರಿಗೆ ೨೦೦. ಸಮವಿಲ್ಲ ನಿಜ, ಆದರೆ ಎಲ್ಲರಿಗೂ ಹಿಂದಿಗಿಂತ ಹತ್ತಿರ. ಎಲ್ಲರಿಗೂ ಸಮನಾಗಿ ಕಷ್ಟ ಕೊಡುವುದು ನ್ಯಾಯವಲ್ಲ.

ಇದಕ್ಕೆ ನಿಯಮ ಸುಲಭ. ಅತಿ ಉದ್ದದ ಬದಿಯ ವರ್ಗವು ಉಳಿದೆರಡು ಬದಿಗಳ ವರ್ಗಗಳ ಮೊತ್ತಕ್ಕಿಂತ ಹೆಚ್ಚಾಗಿದ್ದರೆ ಪರಿಕೇಂದ್ರ ಹೊರಗೆ ಬೀಳುತ್ತದೆ. ಇಲ್ಲಿ ೬೪ ಒಂದು ಕಡೆ, ೨೦ + ೨೦ = ೪೦ ಇನ್ನೊಂದು ಕಡೆ. ಹಾಗಿದ್ದಾಗ ಉದ್ದನೆಯ ಬದಿಯ ಅರ್ಧವನ್ನೇ ಹಿಡಿಯಿರಿ. ಅತಿ ದೂರದವರ ನಡಿಗೆ ಅತಿ ಕಡಮೆಯಾಗುವುದು ಅಲ್ಲಿಯೇ.

ಮನೆಯಲ್ಲಿ ಮಾಡಿ ನೋಡಿರಿ

ಕೈಯಲ್ಲಿರುವ ಮೊಬೈಲಿನಲ್ಲಿಯೂ ಊರುಗಳ ನಿರ್ದೇಶಾಂಕ ಸಿಗುತ್ತವೆ. ಅವು ಅಕ್ಷಾಂಶ, ರೇಖಾಂಶಗಳಲ್ಲಿ ಇರುತ್ತವೆ. ಅವನ್ನು ಹಾಗೆಯೇ ಲೆಕ್ಕಕ್ಕೆ ಹಾಕಬಾರದು. ನಮ್ಮ ಭಾಗದಲ್ಲಿ ಒಂದು ಅಂಶ ಉತ್ತರಕ್ಕೆ ಹೋದರೆ ಸುಮಾರು ೧೧೧ ಕಿಲೊಮೀಟರು, ಪೂರ್ವಕ್ಕೆ ಹೋದರೆ ಸುಮಾರು ೧೦೬ ಮಾತ್ರ. ಹುಮನಾಬಾದ್ ಉತ್ತರಕ್ಕೆ ೧೭.೭೭, ಪೂರ್ವಕ್ಕೆ ೭೭.೧೩ ಅಂಶ. ಬಸವಕಲ್ಯಾಣ ೧೭.೮೭ ಮತ್ತು ೭೬.೯೫. ಭಾಲ್ಕಿ ೧೮.೦೪ ಮತ್ತು ೭೭.೨೧. ಹುಮನಾಬಾದನ್ನು ಮೂಲಬಿಂದುವಾಗಿಟ್ಟು ಅಂತರಗಳನ್ನು ಕಿಲೊಮೀಟರಿಗೆ ತಿರುಗಿಸಿದರೆ:

ಹುಮನಾಬಾದ್ (೦, ೦)
ಬಸವಕಲ್ಯಾಣ (−೧೯, ೧೧)
ಭಾಲ್ಕಿ (೮, ೩೦)

ಬಸವಕಲ್ಯಾಣವು ಪಶ್ಚಿಮಕ್ಕಿರುವುದರಿಂದ ಅದರ ಮೊದಲ ಅಂಕಿಗೆ ಕಳೆಯುವ ಗುರುತು ಬಂದಿದೆ. ಈ ಮೂರು ತಾಲೂಕು ಊರುಗಳ ಗುರುತ್ವಕೇಂದ್ರವನ್ನೂ ಪರಿಕೇಂದ್ರವನ್ನೂ ಹುಡುಕಿರಿ. ಸಮದೂರದ ನಿಯಮದಿಂದ ಎರಡು ಸಮೀಕರಣಗಳು ಬರುತ್ತವೆ: −೧೯×ಪ + ೧೧×ಉ = ೨೪೧ ಮತ್ತು ೪×ಪ + ೧೫×ಉ = ೨೪೧. ಉತ್ತರ: ಗುರುತ್ವಕೇಂದ್ರ (−೩.೭, ೧೩.೭), ಪರಿಕೇಂದ್ರ ಸುಮಾರು (−೨.೯, ೧೬.೯). ಅಲ್ಲಿಂದ ಮೂರೂ ಊರುಗಳಿಗೆ ಸುಮಾರು ೧೭ ಕಿಲೊಮೀಟರು. ಇದು ಹಕ್ಕಿ ಹಾರುವ ನೇರ ದಾರಿ. ರಸ್ತೆ ಬಳಸಿ ಹೋಗುವುದರಿಂದ ಹೆಚ್ಚಾಗುತ್ತದೆ.

ಕೊನೆಯದಾಗಿ ಎರಡು ಮಾತು. ಈ ಹಗ್ಗದ ಅಳತೆ ನಿಮ್ಮ ತಿಳುವಳಿಕೆಗೆ, ನಿಮ್ಮ ಒಮ್ಮತದ ಕೆಲಸಕ್ಕೆ. ಬಾಂದುಕಲ್ಲಿನ ತಕರಾರು ಇದ್ದರೆ ಸರಕಾರಿ ಭೂಮಾಪಕರ ಅಳತೆಯೇ ಬೇಕು. ಇದನ್ನು ಮುಂದಿಟ್ಟುಕೊಂಡು ನೆರೆಯವರೊಡನೆ ಜಗಳಕ್ಕೆ ಹೋಗಬೇಡಿರಿ. ಮತ್ತು ಮುಂದಿನ ಸಲ ನಿಮ್ಮ ಸಭೆಯಲ್ಲಿ ಯಾರಾದರೂ “ನಡುವೆ ಕಟ್ಟಿ” ಎಂದರೆ, “ಯಾವುದರ ನಡು? ಯಾರಿಗೆ, ಯಾತಕ್ಕೆ?” ಎಂದು ಮೊದಲು ಕೇಳಿರಿ. ಪಾಲಿಗಾದರೆ ಗುರುತ್ವಕೇಂದ್ರ, ಕಾವಲಿಗಾದರೆ ಅಂತಃಕೇಂದ್ರ, ನಡಿಗೆಗಾದರೆ ಪರಿಕೇಂದ್ರ. ಅದು ಹೊರಗೆ ಬಿದ್ದರೆ ಉದ್ದ ಬದಿಯ ಅರ್ಧ. ಲೆಕ್ಕ ಮುಗಿದ ಮೇಲೆ, ಗೂಟ ಹೊಡೆಯುವ ಮೊದಲು, ದಿನಾಲು ಆ ದಾರಿಯಲ್ಲಿ ಕೊಡ ಹೊರುವವರನ್ನು ಕರೆದುಕೊಂಡು ಒಮ್ಮೆ ನಡೆದು ಎಣಿಸಿರಿ.